ಹರಿಭಕ್ತಿಸಾರ: ‘ರಕ್ಷಿಸು ನಮ್ಮನನವರತ’ ಎತ್ತಿಕೊಳ್ಳುವಲ್ಲಿ ತಾಳ ತಪ್ಪುವುದೇಕೆ?

ಸಂಜೆಭಜನೆ:

ಎಲ್ಲರಿಗೂ ನಮಸ್ಕಾರ. ಕನಕ ಜಯಂತಿಗೆ ನಮ್ಮ ಮಹಿಳಾ ಭಜನಾ ಮಂಡಳಿಯವರು ಕನಕದಾಸರ ಹರಿಭಕ್ತಿಸಾರದ ಕೆಲವು ಪದ್ಯಗಳನ್ನು ಹಾಡುವುದೆಂದು ನಿಶ್ಚಯವಾಗಿದೆ. ಕಲಿಸುವ ಹೊಣೆ ನನ್ನದು. ಮಿಶ್ರ ಛಾಪು ತಾಳದಲ್ಲಿ ಹೇಳಿಕೊಡುತ್ತಿದ್ದೇನೆ. ಪದ್ಯವನ್ನು ನಾನು ಹಾಡುವುದು, ಕೊನೆಯ ‘ರಕ್ಷಿಸು ನಮ್ಮನನವರತ’ವನ್ನು ಎಲ್ಲರೂ ಒಟ್ಟಿಗೆ ಎತ್ತಿಕೊಳ್ಳುವುದು ಎಂದು ಏರ್ಪಾಡು.

ತೊಂದರೆಯಾಗುತ್ತಿರುವುದು ಆ ಎತ್ತಿಕೊಳ್ಳುವ ಜಾಗದಲ್ಲಿಯೇ. ಅರ್ಧದಷ್ಟು ಜನ ಬೇಗ ಬರುತ್ತಾರೆ, ಉಳಿದವರು ತಡವಾಗಿ ಬರುತ್ತಾರೆ. ಇವರೆಲ್ಲ ದೇವರನಾಮಗಳನ್ನು ತಾಳ ತಪ್ಪದೆ ಹಾಡುವವರೇ. ಈ ಒಂದು ಕಡೆ ಮಾತ್ರ ಹೀಗೇಕೆ?

ಜೊತೆಗೆ ಇನ್ನೂ ಮೂರು ಸಂದೇಹಗಳಿವೆ. ನಮ್ಮಲ್ಲಿ ಒಬ್ಬರು, ಸಾಲಿನ ಕೊನೆಗಳು ಹೊಂದುವುದೇ ಇಲ್ಲ, ಹಾಗಾಗಿ ಇದರಲ್ಲಿ ಪ್ರಾಸವಿಲ್ಲ ಎನ್ನುತ್ತಾರೆ. ಮತ್ತೊಬ್ಬರು, ಪ್ರತಿ ಪದ್ಯದಲ್ಲೂ ಅದೇ ಮಾತು ಬರುತ್ತದೆ, ಸಮಯ ಉಳಿಸಲು ಅದನ್ನು ಕೊನೆಯ ಪದ್ಯಕ್ಕೆ ಮಾತ್ರ ಇಟ್ಟುಕೊಳ್ಳೋಣ ಎನ್ನುತ್ತಾರೆ. ನನಗೆ ಅದು ಸರಿ ಎನ್ನಿಸುತ್ತಿಲ್ಲ, ಆದರೆ ಏಕೆ ಸರಿಯಲ್ಲ ಎಂದು ವಿವರಿಸಿ ಹೇಳಲು ಬರುತ್ತಿಲ್ಲ. ಮೂರನೆಯದು, ಮೊದಲ ಪದ್ಯದಲ್ಲಿ ‘ಭೂಸುರಪ್ರೀಯ’ ಎಂದಿದೆ. ‘ಪ್ರಿಯ’ ಅಲ್ಲವೇ ಸರಿಯಾದ ರೂಪ? ತಿದ್ದಿ ಹಾಡಬಹುದೇ?

ನಮ್ಮ ಕಿರುಪುಸ್ತಕದಲ್ಲಿ ಪದ್ಯ ಹೀಗೆ ಅಚ್ಚಾಗಿದೆ:

ಶ್ರೀಯರಸ ಗಾಂಗೇಯನುತ ಕೌಂತೇಯ ವಂದಿತಚರಣ
ಕಮಲದಳಾಯತಾಂಬಕ ರೂಪ ಚಿನ್ಮಯ ದೇವಕೀತನಯ
ರಾಯ ರಘುಕುಲವರ್ಯ ಭೂಸುರಪ್ರೀಯ ಸುರಪುರನಿಲಯ
ಚೆನ್ನಿಗರಾಯ ಚತುರೋಪಾಯ ರಕ್ಷಿಸು ನಮ್ಮನನವರತ

ಲಘುಗುರು:

ಇದು ಭಾಮಿನೀ ಷಟ್ಪದಿ. ಹೆಸರೇ ಹೇಳುವಂತೆ ಆರು ಸಾಲು ಇರಬೇಕು, ನಿಮ್ಮ ಪುಸ್ತಕದವರು ನಾಲ್ಕು ಮಾಡಿದ್ದಾರೆ. ಹ್ರಸ್ವ ಅಕ್ಷರ ಲಘು, 1 ಮಾತ್ರೆ. ದೀರ್ಘಾಕ್ಷರ, ಬಿಂದುವಿರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಗುರು, 2 ಮಾತ್ರೆ. ಮಾತ್ರೆಗಳ ಒಂದೊಂದು ಗುಂಪು ಒಂದೊಂದು ಗಣ. ಲಕ್ಷಣ ಇಷ್ಟೇ: 1, 2, 4, 5ನೆಯ ಸಾಲುಗಳಲ್ಲಿ 3+4+3+4, ಅಂದರೆ 14 ಮಾತ್ರೆ. 3 ಮತ್ತು 6ನೆಯ ಸಾಲುಗಳಲ್ಲಿ 3+4+3+4+3+4 ಆದ ಮೇಲೆ ಒಂದು ಗುರು, ಒಟ್ಟು 23.

ನಾನು ಕನ್ನಡ ಪಠ್ಯಕ್ಕೆ ಮಾತ್ರೆ ಎಣಿಸುವ ಒಂದು ಸಣ್ಣ ಪ್ರೋಗ್ರಾಂ ಬರೆದಿಟ್ಟುಕೊಂಡಿದ್ದೇನೆ. ನಿಮ್ಮ ಪದ್ಯವನ್ನು ಅದಕ್ಕೆ ಕೊಟ್ಟೆ. ಸಾಲಿನ ಕೊನೆಯನ್ನೂ ಮುಂದಿನ ಸಾಲಿನ ಮೊದಲನ್ನೂ ಸೇರಿಸಿ ನೋಡುವಂತೆ ಹೇಳಿದರೆ, ಎಲ್ಲ ಸರಿಯಾಗಿ ಬಂದು ‘ಭೂಸುರಪ್ರೀಯ’ದ ಬಳಿ ಮಾತ್ರ ತಕರಾರು ತೆಗೆಯಿತು. ‘ಪ್ರೀ’ ಒತ್ತಕ್ಷರವಾದ್ದರಿಂದ ಅದರ ಹಿಂದಿನ ‘ರ’ ಗುರುವಾಗಬೇಕು. ಆಗ ‘ಭೂಸುರ’ 5 ಮಾತ್ರೆ, ಆ ಸಾಲು 15. ಇದಕ್ಕೆ ಸಮಾಧಾನ ಏನೆಂದು ಬಲ್ಲವರು ತಿಳಿಸಬೇಕು.

ಹಳೆಯ ಮೇಷ್ಟರು:

ತಂಗಿ, ನಿಮ್ಮ ನಾಲ್ಕೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ. ಪದ್ಯ ಎಲ್ಲಿ ಮುರಿಯುತ್ತದೆ ಎಂಬುದು ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಕನ್ನಡ ಪಾಠ ಹೇಳಿಕೊಂಡೇ ಬದುಕಿದವನು ನಾನು. ಷಟ್ಪದಿಯನ್ನು ಪುಟದ ಅಗಲ ನೋಡಿಕೊಂಡು ಅಚ್ಚು ಹಾಕುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕವಿ ಅಷ್ಟು ಶ್ರದ್ಧೆಯಿಂದ ಕಟ್ಟಿದ್ದು ಓದುವವರ ಕಣ್ಣಿಗೆ ಕಾಣದೇ ಹೋಗುತ್ತದೆ.

ಮೊದಲು ಪದ್ಯವನ್ನು ಆರು ಸಾಲಾಗಿ ಬರೆದುಕೊಳ್ಳಿ:

ಶ್ರೀಯರಸ ಗಾಂಗೇಯನುತ ಕೌಂ
ತೇಯ ವಂದಿತಚರಣ ಕಮಲದ
ಳಾಯತಾಂಬಕ ರೂಪ ಚಿನ್ಮಯ ದೇವಕೀತನಯ
ರಾಯ ರಘುಕುಲವರ್ಯ ಭೂಸುರ
ಪ್ರೀಯ ಸುರಪುರನಿಲಯ ಚೆನ್ನಿಗ
ರಾಯ ಚತುರೋಪಾಯ ರಕ್ಷಿಸು ನಮ್ಮನನವರತ

ಈಗ ಪ್ರತಿ ಸಾಲಿನ ಎರಡನೆಯ ಅಕ್ಷರದ ಮೇಲೆ ಬೆರಳಿಟ್ಟು ಕೆಳಗೆ ಇಳಿಯಿರಿ. ಶ್ರೀಯ, ತೇಯ, ಳಾಯ, ರಾಯ, ಪ್ರೀಯ, ರಾಯ. ಆರಕ್ಕೆ ಆರೂ ‘ಯ’. ಇದು ಆದಿಪ್ರಾಸ, ಹಳೆಯ ಕನ್ನಡ ಪದ್ಯದ ಕಡ್ಡಾಯ ಪ್ರಾಸ. ಸಾಲಿನ ಕೊನೆಯಲ್ಲಿ ಪ್ರಾಸ ಹುಡುಕುವುದು ನಮಗೆ ಈಚಿನ ಕವಿತೆ, ಸಿನಿಮಾ ಹಾಡುಗಳಿಂದ ಬಂದ ಅಭ್ಯಾಸ. ನಿಮ್ಮ ಪುಸ್ತಕದ ನಾಲ್ಕು ಸಾಲಿನಲ್ಲಿ ‘ಕೌಂತೇಯ’ ಸಾಲಿನ ನಡುವೆ ಹೋಗಿ ಕುಳಿತಿದೆ, ‘ಕಮಲದಳಾಯತ’ದ ‘ಳಾಯ’ವೂ ಹಾಗೆಯೇ. ಹೀಗಿರುವಾಗ ಪ್ರಾಸವಿಲ್ಲ ಎಂದು ಅವರಿಗೆ ತೋರಿದ್ದು ಸಹಜ.

ಪ್ರಾಸದ ಅಕ್ಷರ ಹೊಂದಿದರೆ ಸಾಲದು, ಅದರ ಹಿಂದಿನ ಸ್ವರದ ಅಳತೆಯೂ ಹೊಂದಬೇಕು. ನಾಗವರ್ಮನ ಛಂದೋಂಬುಧಿಯಲ್ಲಿ ಆರು ಪ್ರಾಸಗಳನ್ನು ಹೇಳಿದೆ. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಬಿಂದುವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ. ಬೇರೆ ಬೇರೆ ವ್ಯಂಜನ ಸೇರಿದ ಒತ್ತಕ್ಷರವೇ ಪ್ರಾಸವಾದರೆ ಶರಭ, ಒಂದೇ ವ್ಯಂಜನ ಇಮ್ಮಡಿಸಿದ್ದರೆ ಹಯ. ನಿಮ್ಮ ಪದ್ಯದ್ದು ಗಜಪ್ರಾಸ: ಶ್ರೀ, ತೇ, ಳಾ, ರಾ, ಪ್ರೀ, ರಾ, ಎಲ್ಲವೂ ದೀರ್ಘ.

ಈಗ ‘ಪ್ರೀಯ’ಕ್ಕೆ ಬನ್ನಿ. ಅದನ್ನು ‘ಪ್ರಿಯ’ ಎಂದು ತಿದ್ದಿದ ಕೂಡಲೇ ಎರಡು ಕಡೆ ಪೆಟ್ಟು ಬೀಳುತ್ತದೆ. ಮೊದಲ ಗಣಕ್ಕೆ 3 ಮಾತ್ರೆ ಬೇಕು, ‘ಪ್ರಿಯ’ದಲ್ಲಿ 2 ಮಾತ್ರ ಇದೆ. ಐದು ಸಾಲು ಗಜಪ್ರಾಸವಿದ್ದು ಈ ಒಂದು ಸಾಲು ಸಿಂಹಪ್ರಾಸಕ್ಕೆ ತಿರುಗುತ್ತದೆ. ಕವಿ ಬೇಕೆಂದೇ ಎಳೆದಿರುವ ದೀರ್ಘ ಅದು. ದಯವಿಟ್ಟು ತಿದ್ದಬೇಡಿ.

ತಾಳ ತಪ್ಪುವ ವಿಷಯ. ಮಿಶ್ರ ಛಾಪು 7 ಮಾತ್ರೆ, 3+4. ಭಾಮಿನಿಯ ನಡೆಯೂ 3+4. ಆದ್ದರಿಂದ ಎರಡೆರಡು ಗಣಕ್ಕೆ ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು. ಆರನೆಯ ಸಾಲನ್ನು ಆವರ್ತಕ್ಕೆ ಸರಿಯಾಗಿ ಬಿಡಿಸಿ:

ರಾಯ ಚತುರೋ / ಪಾಯ ರಕ್ಷಿಸು / ನಮ್ಮ ನನವರ / ತ

‘ರಕ್ಷಿಸು’ ಆವರ್ತದ ಮೊದಲಿಗೆ ಬರುವುದಿಲ್ಲ, ನಡುವೆ ನಾಲ್ಕನೆಯ ಮಾತ್ರೆಗೆ ಬರುತ್ತದೆ. ದೇವರನಾಮದಲ್ಲಿ ಪಲ್ಲವಿ ಹೆಚ್ಚಾಗಿ ತನ್ನದೇ ಸಾಲಾಗಿ ಬರುತ್ತದೆ, ಚರಣ ಮುಗಿದು ಒಂದು ಬಿಡುವು ಸಿಕ್ಕ ಮೇಲೆ ಎತ್ತಿಕೊಳ್ಳಬಹುದು. ಇಲ್ಲಿ ಪಲ್ಲವಿಯಂತಿರುವ ಮಾತು ಸಾಲಿನ ಒಡಲಿನಿಂದಲೇ ಹೊರಡುತ್ತದೆ. ದೇವರನಾಮದಲ್ಲಿ ಪಳಗಿದ ನಿಮ್ಮ ಗುಂಪಿನವರು ಸಮವನ್ನು, ಅಂದರೆ ಆವರ್ತದ ಮೊದಲ ಪೆಟ್ಟನ್ನು, ಕಾಯುತ್ತಾರೆ. ಕೆಲವರು ಅದರ ಹಿಂದಿನ ಸಮಕ್ಕೆ ಎತ್ತುತ್ತಾರೆ, ಕೆಲವರು ಮುಂದಿನ ಸಮಕ್ಕೆ. ಆದದ್ದು ಅಷ್ಟೇ.

ಹೀಗೆ ಅಭ್ಯಾಸ ಮಾಡಿಸಿ. ನೀವು ‘ಪಾಯ’ ಎನ್ನುವಾಗ ಎಲ್ಲರೂ ಮೌನವಾಗಿ ಮೂರು ಎಣಿಸಲಿ, ನಾಲ್ಕಕ್ಕೆ ‘ರಕ್ಷಿಸು’. ‘ಅನವರತ’ದ ಕೊನೆಯ ‘ತ’ ಸಮದ ಮೇಲೆ ಸರಿಯಾಗಿ ಬಂದು ಬೀಳಬೇಕು. ಅದು ಬಿತ್ತೆಂದರೆ ಎಲ್ಲವೂ ಸರಿಯಾಗಿದೆ ಎಂದು ಅರ್ಥ. ಆ ‘ತ’ ಲಘುವಾದರೂ ಪಾದದ ಕೊನೆಯಲ್ಲಿರುವುದರಿಂದ ಗುರುವಿನ ಬೆಲೆ ಪಡೆಯುತ್ತದೆ, 2 ಮಾತ್ರೆ. ಉಳಿದ 5 ಮಾತ್ರೆ ಬಿಡುವು. ಮೂರನೆಯ ಸಾಲಿನ ‘ದೇವಕೀತನಯ’ದ ‘ಯ’ಕ್ಕೂ ಇದೇ ಲೆಕ್ಕ. ಅರ್ಧ ಪದ್ಯ 14+14+23, ಅಂದರೆ 51 ಮಾತ್ರೆ. ಬಿಡುವಿನ 5 ಸೇರಿಸಿದರೆ 56, ಸರಿಯಾಗಿ ಎಂಟು ಆವರ್ತ. ಇಡೀ ಪದ್ಯ ಹದಿನಾರು ಆವರ್ತ. ಉಸಿರು ತೆಗೆದುಕೊಳ್ಳುವುದು ಈ ಎರಡೇ ಕಡೆ. ‘ಗಾಂಗೇಯನುತ’ ಆದ ಮೇಲೆ ಉಸಿರು ಎಳೆದರೆ ‘ಕೌಂ’ ಅನಾಥವಾಗುತ್ತದೆ.

ಇನ್ನೊಂದು ಎಚ್ಚರಿಕೆ. ಗುಂಪಿನಲ್ಲಿ ಯಾರಾದರೂ ‘ನಮ್ಮನ್ನನವರತ’ ಎನ್ನುತ್ತಿದ್ದಾರೆಯೇ ಎಂದು ಕಿವಿಗೊಟ್ಟು ಕೇಳಿ. ನಾವು ಈಗ ಆಡುವ, ಬರೆಯುವ ರೂಪ ‘ನಮ್ಮನ್ನು’ ಆದ್ದರಿಂದ ನಾಲಗೆ ಅತ್ತ ಹೊರಳುತ್ತದೆ. ಪದ್ಯದಲ್ಲಿರುವುದು ‘ನಮ್ಮನು’, ಅದರ ಮೇಲೆ ‘ಅನವರತ’ ಸಂಧಿಯಾಗಿ ‘ನಮ್ಮನನವರತ’. ‘ನಮ್ಮ’ 3 ಮಾತ್ರೆ, ‘ನನವರ’ 4. ಒತ್ತು ಹಾಕಿದರೆ ‘ಮ’ ಗುರುವಾಗಿ ಒಂದು ಮಾತ್ರೆ ಹೆಚ್ಚುತ್ತದೆ, ‘ತ’ ಸಮವನ್ನು ದಾಟಿ ಹೋಗುತ್ತದೆ. ತಾಳ ತಪ್ಪುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಆ ಮಾತನ್ನು ಬಿಟ್ಟು ಹಾಡಬಹುದೇ ಎಂಬುದಕ್ಕೆ ನನ್ನ ಉತ್ತರ ಖಂಡಿತ ಬೇಡ. ಮೊದಲ ಪದ್ಯದಲ್ಲಿ ಕ್ರಿಯಾಪದ ಎಲ್ಲಿದೆ ಎಂದು ಹುಡುಕಿ ನೋಡಿ. ಶ್ರೀಯರಸ, ಗಾಂಗೇಯನುತ, ದೇವಕೀತನಯ, ರಘುಕುಲವರ್ಯ, ಚೆನ್ನಿಗರಾಯ, ಬರಿಯ ಸಂಬೋಧನೆಗಳ ಸಾಲು. ಐದೂವರೆ ಸಾಲು ಕರೆಯುತ್ತಲೇ ಹೋಗಿ, ಏಕೆ ಕರೆದದ್ದು ಎಂಬುದನ್ನು ಹೇಳುವ ಒಂದೇ ಕ್ರಿಯಾಪದ ‘ರಕ್ಷಿಸು’. ಅದನ್ನು ತೆಗೆದರೆ ವಾಕ್ಯವೇ ಇಲ್ಲ. ದೇವರನ್ನು ಅಷ್ಟು ಹೆಸರು ಹಿಡಿದು ಕರೆದು, ಏನನ್ನೂ ಕೇಳದೆ ಸುಮ್ಮನಾದಂತೆ ಆಗುತ್ತದೆ.

ಪಾಠಶುದ್ಧಿ:

ಮೇಷ್ಟರ ವಿವರಣೆ ಚೆನ್ನಾಗಿದೆ. ಆದರೂ ‘ಪ್ರೀಯ’ದ ವಿಷಯದಲ್ಲಿ ನನಗೆ ಒಪ್ಪಿಗೆಯಿಲ್ಲ. ಸಂಸ್ಕೃತ ಶಬ್ದವನ್ನು ಪ್ರಾಸಕ್ಕಾಗಿ ವಿಕಾರಗೊಳಿಸುವುದನ್ನು ದೊಡ್ಡ ಕವಿಯ ಮೇಲೆ ಹೊರಿಸುವುದಕ್ಕಿಂತ, ಪ್ರತಿ ಮಾಡಿದವರ ಕೈತಪ್ಪು ಎನ್ನುವುದು ಮೇಲಲ್ಲವೇ? ಮೇಲಾಗಿ ‘ಲಘುಗುರು’ ಅವರು ತೋರಿಸಿದ 15 ಮಾತ್ರೆಯ ತೊಡಕೂ ಅದೇ ಜಾಗದಲ್ಲಿದೆ. ಒಂದೇ ಸ್ಥಳದಲ್ಲಿ ಎರಡು ತೊಡಕು ಇದ್ದರೆ ಪಾಠವೇ, ಅಂದರೆ ನಮ್ಮ ಕೈಗೆ ಬಂದಿರುವ ಪದ್ಯದ ರೂಪವೇ, ಕೆಟ್ಟಿದೆ ಎಂದು ಸಂಶಯಪಡುವುದು ಗ್ರಂಥಸಂಪಾದನೆಯ ಕ್ರಮ.

ಹಳೆಯ ಮೇಷ್ಟರು:

ಸಂಶಯ ಪಡಬೇಕಾದದ್ದೇ, ಸ್ವಾಮಿ. ಆದರೆ ಪಾಠ ಕೆಟ್ಟಿದ್ದರೆ ಛಂದಸ್ಸು ಕೆಡುತ್ತದೆ. ಇಲ್ಲಿ ‘ಪ್ರೀಯ’ ಇದ್ದರೆ ಛಂದಸ್ಸು ಉಳಿಯುತ್ತದೆ, ತಿದ್ದಿದರೆ ಕೆಡುತ್ತದೆ. ಕೈತಪ್ಪಿನಿಂದ ಪ್ರಾಸವೂ ಮಾತ್ರೆಯೂ ಒಟ್ಟಿಗೆ ಸರಿಹೋದವು ಎಂದು ನಂಬುವುದು ನನಗೆ ಕಷ್ಟ.

ಛಂದಸ್ಸಿಗಾಗಿ ಶಬ್ದವನ್ನು ಹಿಗ್ಗಿಸುವುದು ಷಟ್ಪದಿಕಾರರಿಗೆ ಸಹಜ. ಇದೇ ಕೃತಿಯ ‘ದೀನ ನಾನು’ ಪದ್ಯದಲ್ಲಿ ‘ಜ್ಞಾನಮೂರುತಿ’ ಎಂದಿದೆ. ‘ಮೂರ್ತಿ’ ಎಂದರೆ 3 ಮಾತ್ರೆ, ಆ ಗಣಕ್ಕೆ 4 ಬೇಕು. ಒತ್ತನ್ನು ಬಿಡಿಸಿ ‘ಮೂರುತಿ’ ಮಾಡಿದರು. ಅದನ್ನು ಯಾರೂ ಕೈತಪ್ಪು ಎನ್ನುವುದಿಲ್ಲ. ‘ಪ್ರೀಯ’ವೂ ಅದೇ ಜಾತಿಯ ಸ್ವಾತಂತ್ರ್ಯ.

ಇನ್ನು 15 ಮಾತ್ರೆಯ ತೊಡಕು. ರಕಾರದ ಒತ್ತಿರುವ ಅಕ್ಷರ ನಾಲಗೆಯ ಮೇಲೆ ತೇಲಿ ಹೋಗುತ್ತದೆ. ‘ಭೂಸುರ ಪ್ರೀಯ’ ಎಂದು ಹೇಳಿ ನೋಡಿ, ‘ರ’ದ ಮೇಲೆ ಭಾರ ಬೀಳದಂತೆ ಹೇಳಲು ಸಾಧ್ಯ. ಸಂಸ್ಕೃತ ಛಂದಸ್ಸಿನಲ್ಲೂ ‘ಪ್ರ’, ‘ಹ್ರ’ ಮುಂದಿದ್ದಾಗ ಹಿಂದಿನ ಲಘುವನ್ನು ಬೇಕಾದರೆ ಲಘುವಾಗಿಯೇ ಉಳಿಸಿಕೊಳ್ಳುವ ವಿಕಲ್ಪವಿದೆ. ಕನ್ನಡದಲ್ಲಂತೂ ಒತ್ತಕ್ಷರವನ್ನು ತೇಲಿಸಿ ಉಚ್ಚರಿಸಿ, ಹಿಂದಿನ ಅಕ್ಷರವನ್ನು ಲಘುವಾಗಿ ಉಳಿಸುವ ಪದ್ಧತಿ ಹಳೆಯದು. ಶಿಥಿಲದ್ವಿತ್ವ ಎಂದು ಕೇಶಿರಾಜ ಅದನ್ನು ಶಬ್ದಮಣಿದರ್ಪಣದಲ್ಲಿ ವಿವರಿಸಿದ್ದಾನೆ. ಅಲ್ಲಿಯ ಉದಾಹರಣೆಗಳು ಕನ್ನಡದವೇ ಆದ ಮಾತುಗಳು, ಆದರೆ ಕಿವಿಯ ನ್ಯಾಯ ಒಂದೇ. ಸಾಲದ್ದಕ್ಕೆ ಇಲ್ಲಿ ಸಾಲು ಮುಗಿಯುವ ಅಂಚೂ ಇದೆ.

ಲಘುಗುರು:

ಸರ್, ಹಾಗಿದ್ದರೆ ಪ್ರೋಗ್ರಾಂನಲ್ಲಿ ‘ಸಾಲಿನ ಅಂಚಿನಲ್ಲಿ ಒತ್ತಕ್ಷರ ಲೆಕ್ಕಕ್ಕಿಲ್ಲ’ ಎಂಬ ನಿಯಮ ಹಾಕಿದರೆ ಸಾಕೇ? ಹಾಕಿ ನೋಡಿದೆ. ಮೊದಲ ಪದ್ಯ ಸರಿಹೋಯಿತು. ಆದರೆ ನೀವು ಈಗ ಹೇಳಿದ ‘ದೀನ ನಾನು’ ಪದ್ಯದಲ್ಲಿ ನಾಲ್ಕನೆಯ ಸಾಲಿಗೆ ಒಂದು ಮಾತ್ರೆ ಕಡಿಮೆ ಬೀಳುತ್ತಿದೆ.

ಹಳೆಯ ಮೇಷ್ಟರು:

ಬೀಳಲೇಬೇಕು. ಒಳ್ಳೆಯ ಪದ್ಯವನ್ನೇ ಮುಂದಿಟ್ಟಿರಿ. ಅದನ್ನೂ ಆರು ಸಾಲಾಗಿ ಬರೆಯುತ್ತೇನೆ. ತಂಗಿ, ನೀವೂ ನೋಡಿ, ನಿಮ್ಮ ಪುನರುಕ್ತಿಯ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ.

ದೀನ ನಾನು ಸಮಸ್ತ ಲೋಕಕೆ
ದಾನಿ ನೀನು ವಿಚಾರಿಸಲು ಮತಿ
ಹೀನ ನಾನು ಮಹಾಮಹಿಮ ಕೈವಲ್ಯಪತಿ ನೀನು
ಏನ ಬಲ್ಲೆನು ನಾನು ನೆರೆ ಸು
ಜ್ಞಾನಮೂರುತಿ ನೀನು ನಿನ್ನ ಸ
ಮಾನರುಂಟೇ ದೇವ ರಕ್ಷಿಸು ನಮ್ಮನನವರತ

ನಾಲ್ಕನೆಯ ಸಾಲಿನ ಕೊನೆಯ ಗಣ ‘ನೆರೆ ಸು’. ಅದು 4 ಮಾತ್ರೆಯಾಗಬೇಕಾದರೆ ‘ಸು’ ಗುರುವಾಗಬೇಕು, ಅದನ್ನು ಗುರು ಮಾಡುವುದು ಮುಂದಿನ ಸಾಲಿನ ‘ಜ್ಞಾ’. ‘ಸುಜ್ಞಾನ’ವನ್ನು ಉಚ್ಚರಿಸುವಾಗ ‘ಸು’ವಿನ ಮೇಲೆ ಒತ್ತು ಬೀಳದೇ ಇರಲು ಸಾಧ್ಯವಿಲ್ಲ. ಕೃತಿಯ ಇನ್ನೊಂದು ಪದ್ಯ ‘ಕಮಲಸಂಭವ ವಿನುತ ವಾಸವ’ ಎಂದು ಮೊದಲಾಗುತ್ತದೆ. ಅದರ ಎರಡನೆಯ ಸಾಲು ‘ನಮಿತ ಮಂಗಳಚರಿತ ದುರಿತ’, ಮೂರನೆಯದು ‘ಕ್ಷಮಿತ’ ಎಂದು ಆರಂಭ. ಅಲ್ಲಿಯೂ ‘ದುರಿತ’ 3 ಮಾತ್ರೆಯಾಗಿ ನಿಂತರೆ ಸಾಲದು. ‘ಕ್ಷ’ ಹಿಂದಿನ ‘ತ’ವನ್ನು ಗುರು ಮಾಡಿ 4 ತುಂಬಿಸುತ್ತದೆ. ಅಂದ ಹಾಗೆ ಆ ಪದ್ಯದ್ದು ಸಿಂಹಪ್ರಾಸ: ಕಮ, ನಮಿ, ಕ್ಷಮಿ. ಮೊದಲ ಮೂರು ಮಾತ್ರೆಗೆ ಮೂರು ಲಘು ಬಂದು ಪದ್ಯದ ಓಟವೇ ಬೇರೆಯಾಗುತ್ತದೆ. ‘ಶ್ರೀಯ’, ‘ತೇಯ’ ಎಂದು ಎಳೆದು ಹೊರಡುವ ಗಾಂಭೀರ್ಯ ಅಲ್ಲಿಲ್ಲ, ಚುರುಕು ಇದೆ.

ಆದ್ದರಿಂದ ಅಂಚಿನ ನಿಯಮ ಬೇಡ. ‘ಜ್ಞ’, ‘ಕ್ಷ’ ಗಟ್ಟಿ ಒತ್ತಕ್ಷರಗಳು, ಸಾಲು ದಾಟಿಯೂ ಹಿಂದಿನದನ್ನು ಹಿಡಿಯುತ್ತವೆ. ‘ಪ್ರ’ ತೇಲುವ ಒತ್ತಕ್ಷರ, ಕವಿ ಬೇಕೆಂದಲ್ಲಿ ಬಿಟ್ಟುಕೊಡುತ್ತದೆ. ಎಣಿಸುವ ಯಂತ್ರಕ್ಕೆ ಇದನ್ನು ಕಲಿಸಬೇಕಾದರೆ ಎರಡೂ ಲೆಕ್ಕ ಮಾಡಿಸಿ, ಗಣ ಯಾವುದರಲ್ಲಿ ಕೂಡುತ್ತದೆಯೋ ಅದನ್ನು ಆರಿಸಲು ಹೇಳಿ. ಗಮಕಿಗಳು, ಅಂದರೆ ಕಾವ್ಯವನ್ನು ರಾಗವಾಗಿ ಓದುವವರು, ಹಾಡುತ್ತಲೇ ಮಾಡುವುದೂ ಅದನ್ನೇ.

ಈಗ ಪುನರುಕ್ತಿ. ‘ನಾನು’ ಮೂರು ಬಾರಿ, ‘ನೀನು’ ಮೂರು ಬಾರಿ ಬಂದಿದೆ. ಅಷ್ಟು ಹೇಳಿ ನಿಲ್ಲಿಸುವ ವಿಮರ್ಶೆ ನನಗೆ ಸಾಲದು. ಯಾವ ಗಣದಲ್ಲಿ ಬಂದಿದೆ ನೋಡಿ. ಒಂದನೆಯ ಸಾಲಿನಲ್ಲಿ ‘ನಾನು’ ಎರಡನೆಯ ಗಣದ ತಲೆಯಲ್ಲಿದೆ. ಎರಡನೆಯ ಸಾಲಿನಲ್ಲಿ ಅದೇ ಜಾಗಕ್ಕೆ ‘ನೀನು’ ಬರುತ್ತದೆ. ಮೂರನೆಯ ಸಾಲಿನಲ್ಲಿ ಮತ್ತೆ ಅದೇ ಜಾಗಕ್ಕೆ ‘ನಾನು’. ಕೇಳುವ ಕಿವಿಗೆ ಈ ತೂಗಾಟ ಅಭ್ಯಾಸವಾಗಿ, ಮುಂದೆ ‘ನೀನು’ ಬರಬೇಕೆಂದು ಕಾಯುತ್ತದೆ. ಕವಿ ಅದನ್ನು ತಡೆದು ಹಿಡಿಯುತ್ತಾರೆ. ‘ಮಹಾಮಹಿಮ’, ‘ಕೈವಲ್ಯಪತಿ’ ಎಂದು ದೊಡ್ಡ ಮಾತುಗಳನ್ನು ನಡುವೆ ತುಂಬಿ, ಉದ್ದದ ಸಾಲಿನ ತುತ್ತತುದಿಯಲ್ಲಿ ‘ನೀನು’ ಇಡುತ್ತಾರೆ. ಅರ್ಧ ಪದ್ಯದ ಬಿಡುವು ಆ ಮಾತಿನ ಮೇಲೆಯೇ ಬೀಳುತ್ತದೆ. ‘ನೀನು’ ಎಂದ ಮೇಲೆ 5 ಮಾತ್ರೆಯಷ್ಟು ಹೊತ್ತು ಬೇರೆ ಮಾತಿಲ್ಲ.

ಉತ್ತರಾರ್ಧದಲ್ಲಿ ಎರಡೂ ಒಂದು ಗಣ ಮುಂದಕ್ಕೆ ಸರಿಯುತ್ತವೆ. ನಾಲ್ಕನೆಯ ಸಾಲಿನ ಮೂರನೆಯ ಗಣವೇ ‘ನಾನು’, ಐದನೆಯ ಸಾಲಿನ ಮೂರನೆಯ ಗಣವೇ ‘ನೀನು’. ಪೂರ್ವಾರ್ಧದಲ್ಲಿ ‘ನಾನು ಸ’, ‘ನೀನು ವಿ’ ಎಂದು ಮುಂದಿನ ಶಬ್ದದ ಅಕ್ಷರವನ್ನು ಹೊತ್ತುಕೊಂಡೇ ಗಣ ತುಂಬಿಸಬೇಕಾಗಿತ್ತು. ಈಗ ಮೂರು ಮಾತ್ರೆಯ ಗಣವನ್ನು ತಾವೇ ತುಂಬಿ ನಿಲ್ಲುತ್ತವೆ. ಹಾಡುವಾಗ ತಾಳದ ಸಮ ನೇರವಾಗಿ ಆ ಎರಡು ಮಾತುಗಳ ಮೇಲೆ ಬೀಳುತ್ತದೆ.

ಪ್ರಾಸಾಕ್ಷರವನ್ನೂ ಗಮನಿಸಿ. ದೀನ, ದಾನಿ, ಹೀನ, ಏನ, ಜ್ಞಾನ, ಮಾನ, ಆರೂ ಕಡೆ ‘ನ’. ‘ನಾನು’, ‘ನೀನು’ ಎಂಬ ಮಾತುಗಳಲ್ಲಿ ಇರುವ ವ್ಯಂಜನವೂ ಅದೊಂದೇ. ಅಂದರೆ ಪ್ರಾಸಕ್ಕೆ ಆರಿಸಿದ ಅಕ್ಷರವೇ ಪದ್ಯದ ವಸ್ತುವಿನ ಅಕ್ಷರ. ‘ದೀನ’ ಮತ್ತು ‘ದಾನಿ’ಗಳನ್ನು ಒಂದರ ಕೆಳಗೊಂದು ಬರೆದು ನೋಡಿ: ವ್ಯಂಜನಗಳು ಅವೇ, ಈಕಾರ ಆಕಾರಗಳು ಸ್ಥಾನ ಬದಲಿಸಿವೆ, ಅಷ್ಟೇ. ದೀನನ ಪಕ್ಕ ‘ನಾ’, ದಾನಿಯ ಪಕ್ಕ ‘ನೀ’. ಬೇಡುವವನಿಗೂ ಕೊಡುವವನಿಗೂ ನಡುವಿನ ಅಂತರವನ್ನು ಎರಡು ಸ್ವರದಲ್ಲಿ ತೋರಿಸಿದ್ದಾರೆ. ಕನಕದಾಸರು ಇದನ್ನೆಲ್ಲ ಎಣಿಸಿ ಇಟ್ಟರೋ, ಅವರ ಕಿವಿಯಿಂದ ತಾನಾಗಿ ಬಂತೋ, ನನಗೆ ಎರಡೂ ಒಂದೇ. ಪದ್ಯದಲ್ಲಿ ಇದೆ, ಅದು ಮುಖ್ಯ.

ಇಷ್ಟೆಲ್ಲ ಆದ ಮೇಲೆ ಆರನೆಯ ಸಾಲಿಗೆ ಬಂದಾಗ ‘ನಾನು’ ಇಲ್ಲ. ‘ರಕ್ಷಿಸು ನನ್ನನು’ ಎನ್ನುವುದಿಲ್ಲ, ‘ನಮ್ಮನು’ ಎನ್ನುತ್ತಾರೆ. ‘ನನ್ನ’ ಎಂದರೂ 3 ಮಾತ್ರೆ, ‘ನಮ್ಮ’ ಎಂದರೂ 3 ಮಾತ್ರೆ. ಛಂದಸ್ಸಿನ ಒತ್ತಾಯ ಇಲ್ಲಿ ಏನೂ ಇಲ್ಲ. ಒಬ್ಬನೇ ನಿಂತು ತನ್ನ ದೈನ್ಯವನ್ನು ಹೇಳಿಕೊಂಡವನು, ಬೇಡುವಾಗ ಎಲ್ಲರನ್ನೂ ಸೇರಿಸಿಕೊಳ್ಳುತ್ತಾನೆ. ನೀವು ಪದ್ಯವನ್ನು ಒಬ್ಬರೇ ಹಾಡಿ ಈ ಮಾತನ್ನು ಗುಂಪಿಗೆ ಬಿಟ್ಟಿದ್ದೀರಲ್ಲ, ಅದು ಬಹಳ ಸರಿಯಾದ ಏರ್ಪಾಡು. ‘ನಾನು’ ಒಂದು ಕೊರಳಿನಲ್ಲಿ, ‘ನಮ್ಮನು’ ಹಲವು ಕೊರಳುಗಳಲ್ಲಿ. ಸಮಯ ಉಳಿಸಬೇಕಾದರೆ ಪದ್ಯಗಳ ಸಂಖ್ಯೆ ಕಡಿಮೆ ಮಾಡಿ, ಈ ಮಾತನ್ನು ಮುಟ್ಟಬೇಡಿ.

ವಾಚನಾಸಕ್ತೆ:

ನಾನು ಗಮಕ ಕಲಿತವಳು. ಒಂದು ಮಾತು ಸೇರಿಸುತ್ತೇನೆ. ಗಮಕದಲ್ಲಿ ತಾಳವಿಲ್ಲ, ಅರ್ಥಕ್ಕೆ ತಕ್ಕಂತೆ ಎಲ್ಲಿ ಬೇಕೋ ಅಲ್ಲಿ ನಿಲ್ಲಬಹುದು. ಹಾಗಾಗಿ ‘ಭೂಸುರ’ ಆದ ಮೇಲೆ ಕೂದಲೆಳೆಯಷ್ಟು ನಿಂತು ‘ಪ್ರೀಯ’ ಎತ್ತಿದರೆ ‘ರ’ ಲಘುವಾಗಿಯೇ ಉಳಿಯುತ್ತದೆ, ಯಾರಿಗೂ ತೊಡಕು ತಿಳಿಯುವುದಿಲ್ಲ. ಭಜನೆಯವರಿಗೆ ತಾಳದ ಕಟ್ಟು ಇರುವುದರಿಂದ ಆ ಅನುಕೂಲವಿಲ್ಲ, ‘ಪ್ರೀ’ಯನ್ನು ಹಗುರವಾಗಿ ಎತ್ತುವುದನ್ನು ಅಭ್ಯಾಸ ಮಾಡಬೇಕು.

ಪುನರುಕ್ತಿಯ ಬಗ್ಗೆ ಮೇಷ್ಟರನ್ನು ಕೇಳಬೇಕು. ಸೋಮೇಶ್ವರ ಶತಕದಲ್ಲೂ ಪ್ರತಿ ಪದ್ಯ ‘ಹರಹರಾ ಶ್ರೀ ಚೆನ್ನ ಸೋಮೇಶ್ವರಾ’ ಎಂದೇ ಮುಗಿಯುತ್ತದೆ. ಎರಡೂ ಒಂದೇ ಬಗೆಯದೇ?

ಹಳೆಯ ಮೇಷ್ಟರು:

ಮೇಲುನೋಟಕ್ಕೆ ಒಂದೇ. ಮಾಡುವ ಕೆಲಸ ಬೇರೆ. ಸೋಮೇಶ್ವರ ಶತಕದ್ದು ಮತ್ತೇಭವಿಕ್ರೀಡಿತ, ಅಂದರೆ ಮಾತ್ರೆಯ ಬದಲು ಅಕ್ಷರಗಳ ಲೆಕ್ಕದಲ್ಲಿ ಕಟ್ಟುವ ಅಕ್ಷರವೃತ್ತ. ಅಲ್ಲಿ ನೀತಿಯ ಮಾತು ಮುಗಿದ ಮೇಲೆ ದೇವರ ಹೆಸರು ಬಂದು ಮುದ್ರೆಯೊತ್ತುತ್ತದೆ. ಅದನ್ನು ಬಿಟ್ಟು ಓದಿದರೆ ವೃತ್ತ ಕೆಡುತ್ತದೆ, ಆದರೆ ಹೇಳಿದ ನೀತಿ ಪೂರ್ಣವಾಗಿಯೇ ಇರುತ್ತದೆ. ಹರಿಭಕ್ತಿಸಾರದಲ್ಲಿ ಮರಳಿ ಬರುವುದು ಹೆಸರಲ್ಲ, ಬೇಡಿಕೆ. ಹೆಸರುಗಳೆಲ್ಲ ಪದ್ಯದ ಒಡಲಲ್ಲಿ ಬದಲಾಗುತ್ತಾ ಹೋಗುತ್ತವೆ, ಬೇಡಿಕೆ ಮಾತ್ರ ಬದಲಾಗುವುದಿಲ್ಲ. 23 ಮಾತ್ರೆಯ ಸಾಲಿನಲ್ಲಿ 13ನ್ನು ಈ ಮಾತಿಗೆ ಮೀಸಲಿಟ್ಟು, ಉಳಿದ 10 ಮಾತ್ರೆಯಲ್ಲಿ ಪ್ರಾಸವನ್ನೂ ಹೊಂದಿಸಿ ಪದ್ಯದ ಮಾತನ್ನು ಮುಗಿಸಬೇಕು. ನೂರಕ್ಕೂ ಹೆಚ್ಚು ಪದ್ಯಗಳಲ್ಲಿ ಇದನ್ನು ನಡೆಸಿಕೊಂಡು ಹೋಗುವುದು ಸಣ್ಣ ಕೆಲಸವಲ್ಲ. ಷಟ್ಪದಿ ಬರೆಯಲು ಕೈಹಾಕಿದವರಿಗೆ ಗೊತ್ತಾಗುತ್ತದೆ. ಪ್ರಾಸ ಕೂಡಿದರೆ ಗಣ ಕೂಡುವುದಿಲ್ಲ, ಗಣ ಕೂಡಿದರೆ ಲಘುವಿನ ಮೇಲೆ ಗುರು ಬಂದು ಗಣದ ಆರಂಭವೇ ಮುಗ್ಗರಿಸುತ್ತದೆ. ಮೇಲಿನ ಎರಡು ಪದ್ಯಗಳಲ್ಲಿ ಒಂದು ಗಣವೂ ಹಾಗೆ ಲಘು, ಗುರು ಎಂದು ಆರಂಭವಾಗಿಲ್ಲ, ಪರೀಕ್ಷಿಸಿ ನೋಡಿ.

ಸಂಜೆಭಜನೆ:

ಎಲ್ಲರಿಗೂ ವಂದನೆಗಳು. ನಿನ್ನೆಯ ಅಭ್ಯಾಸದಲ್ಲಿ ಪದ್ಯವನ್ನು ಆರು ಸಾಲಾಗಿ ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಎರಡನೆಯ ಅಕ್ಷರಗಳಿಗೆ ಕೆಂಪು ಬಣ್ಣ ಹಾಕಿದ್ದೆ. ಪ್ರಾಸವಿಲ್ಲ ಎಂದಿದ್ದವರೇ ಮುಂದೆ ಬಂದು, ‘ಕಮಲಸಂಭವ’ ಪದ್ಯವನ್ನು ತಾವೇ ಸಾಲು ಬಿಡಿಸಿ ಬರೆದರು. ‘ನಮ್ಮನ್ನನವರತ’ ಎನ್ನುತ್ತಿದ್ದವರು ನಿಜವಾಗಿಯೂ ಇದ್ದರು ಸರ್, ಇಬ್ಬರಿಗಿಂತ ಹೆಚ್ಚೇ.

ಒಂದು ಕೊನೆಯ ಸಂದೇಹ. ‘ದೀನ ನಾನು’ ಪದ್ಯದಲ್ಲಿ ಗುಂಪಿನವರು ‘ದೇವ ರಕ್ಷಿಸು’ ಎಂದು ಒಂದು ಮಾತು ಮೊದಲೇ ಎತ್ತಿಕೊಂಡರೆ ತಪ್ಪೇ? ಅವರಿಗೆ ಹಾಗೆ ಬಹಳ ಸುಲಭವಾಗಿ ಬರುತ್ತಿದೆ.

ಹಳೆಯ ಮೇಷ್ಟರು:

ತಪ್ಪಿಲ್ಲ ತಂಗಿ. ಸುಲಭವಾಗುವುದಕ್ಕೆ ಕಾರಣವಿದೆ: ‘ದೇವ’ ಮೂರನೆಯ ಗಣ, ಆವರ್ತದ ಸಮಕ್ಕೆ ಬರುತ್ತದೆ. ಆ ಪದ್ಯದಲ್ಲಿ ಹಾಗೆಯೇ ಹಾಡಿಸಿ. ಮೊದಲ ಪದ್ಯದಲ್ಲಿ ಮಾತ್ರ ಆಗದು, ಅಲ್ಲಿ ಆ ಜಾಗದಲ್ಲಿ ‘ಚತುರೋಪಾಯ’ದ ಅರ್ಧ ಇದೆ. ನೀವು ಆರಿಸಿಕೊಂಡ ಪ್ರತಿ ಪದ್ಯದಲ್ಲೂ ಆರನೆಯ ಸಾಲಿನ ಮೂರನೆಯ ಗಣವನ್ನು ನೋಡಿಕೊಳ್ಳಿ. ಶಬ್ದ ಅಲ್ಲಿಂದಲೇ ಆರಂಭವಾಗುತ್ತಿದ್ದರೆ ಗುಂಪು ಸಮಕ್ಕೆ ಸೇರಲಿ, ಶಬ್ದದ ನಡುವಿದ್ದರೆ ಮೂರು ಎಣಿಸಿ ‘ರಕ್ಷಿಸು’ವಿಗೆ ಸೇರಲಿ. ಹಾಳೆಯ ಮೇಲೆ ಆ ಜಾಗಕ್ಕೆ ಬೇರೆ ಬಣ್ಣದಲ್ಲಿ ಗುರುತು ಹಾಕಿಬಿಡಿ.